ಹಳೆಯ ಪಿಕಪ್‌ನ ವೈರಿಂಗ್ ಹಾರ್ನೆಸ್ ಬದಲಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಜಿಲ್ಲೆಯಲ್ಲಿ ಟೊಮೆಟೊ, ಮಾವು, ಹಾಲು, ಮೇವು, ಇಟ್ಟಿಗೆ ಹೊತ್ತು ಓಡಾಡುವ ಡೀಸೆಲ್ ಪಿಕಪ್‌ಗಳಲ್ಲಿ ಬಹಳಷ್ಟು ಹತ್ತು ಹದಿನೈದು ವರ್ಷ ದಾಟಿದವು. ಎಂಜಿನ್, ಗೇರ್ ಬಾಕ್ಸ್ ಇನ್ನೂ ಗಟ್ಟಿಯಾಗಿರುವಾಗಲೇ ಇವುಗಳ ವೈರಿಂಗ್ ಹಾರ್ನೆಸ್, ಅಂದರೆ ಬ್ಯಾಟರಿಯಿಂದ ದೀಪ, ಹಾರ್ನ್‌ಗಳಿಗೆಲ್ಲ ಹೋಗುವ ವೈರ್‌ಗಳ ಕಟ್ಟು, ಕೈಕೊಡಲು ಶುರುವಾಗುತ್ತದೆ. ಅಂಥ ವಾಹನಗಳ ಮಾಲೀಕರು, ಚಾಲಕರು ಮತ್ತು ಕೆಲಸ ಕಲಿಯುತ್ತಿರುವ ಆಟೊ ಎಲೆಕ್ಟ್ರಿಷಿಯನ್ನರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಇಲ್ಲಿ ಹೇಳಿರುವುದು ಎಲ್ಲ ಪಿಕಪ್‌ಗಳಿಗೂ ಅನ್ವಯಿಸುತ್ತದೆಯೇ?

ಇಲ್ಲ. ಡೀಸೆಲ್ ಪಂಪು ಯಾಂತ್ರಿಕವಾಗಿ ಕೆಲಸ ಮಾಡುವ, ಎಂಜಿನ್‌ಗೆ ಕಂಪ್ಯೂಟರ್ ಇಲ್ಲದ ಹಳೆಯ ವಾಹನಗಳನ್ನು, ಅಂದರೆ ಟಾಟಾ 207 ಅಥವಾ ಬೊಲೆರೊ ಪಿಕಪ್‌ನ ಹಳೆಯ ಡಿಐ ಮಾದರಿಗಳಂಥವನ್ನು, ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಕಾಮನ್ ರೈಲ್ ಎಂಜಿನ್ ಇರುವ ವಾಹನಗಳಲ್ಲಿ ಇಂಜೆಕ್ಟರ್, ಸೆನ್ಸರ್ ಮತ್ತು ಇಸಿಯುಗಳ (ಎಂಜಿನ್ನಿನ ಕಂಪ್ಯೂಟರ್) ನಡುವೆ ಹರಿಯುವ ಸಂಕೇತಗಳು ಬಹಳ ಸೂಕ್ಷ್ಮವಾದವು. ಅಲ್ಲಿನ ಎಂಜಿನ್ ಹಾರ್ನೆಸನ್ನು ಕೈಯಲ್ಲಿ ಕಟ್ಟಿಸುವ ಗೋಜಿಗೆ ಹೋಗದೆ ಕಂಪನಿಯದ್ದನ್ನೇ ತರಿಸುವುದು ಒಳ್ಳೆಯದು. ಅಂಥ ವಾಹನಗಳಲ್ಲೂ ದೀಪ, ಹಾರ್ನ್, ವೈಪರ್ ಮತ್ತು ಹಿಂಬದಿಯ ಚಾಸಿ ವೈರಿಂಗ್‌ಗೆ ಮಾತ್ರ ಇಲ್ಲಿನ ಮಾತುಗಳು ಹೊಂದುತ್ತವೆ.

ಇಡೀ ಹಾರ್ನೆಸ್ ಬದಲಿಸಲೇಬೇಕೇ? ತುಂಡು ದುರಸ್ತಿ ಸಾಲದೇ?

ಹತ್ತರಲ್ಲಿ ಆರೇಳು ವಾಹನಗಳಿಗೆ ಇಡೀ ಹಾರ್ನೆಸ್ ಬದಲಿಸುವ ಅಗತ್ಯವಿರುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಒಂದು ದೀಪ ಉರಿಯುವುದಿಲ್ಲ, ಹಾರ್ನ್ ಒಮ್ಮೆ ಬಡಿದು ಒಮ್ಮೆ ಸುಮ್ಮನಾಗುತ್ತದೆ, ಸೆಲ್ಫ್ ಹೊಡೆದಾಗ ಬರೀ ಟಕ್ ಎನ್ನುತ್ತದೆ ಎಂಬ ದೂರುಗಳ ಮೂಲ ಸಾಮಾನ್ಯವಾಗಿ ಒಂದು ಸಡಿಲವಾದ ಅರ್ಥ್ (ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ಮರಳಲು ಕೊಟ್ಟ ಕನೆಕ್ಷನ್), ಒಂದು ಸುಟ್ಟ ಕಪ್ಲರ್ (ವೈರ್‌ಗಳನ್ನು ಕೂಡಿಸುವ ಪ್ಲಗ್) ಅಥವಾ ತುಕ್ಕು ಹಿಡಿದ ಬ್ಯಾಟರಿ ಟರ್ಮಿನಲ್ ಆಗಿರುತ್ತದೆ. ಇಂಥವನ್ನು ಹುಡುಕಿ ಸರಿಪಡಿಸಿದರೆ ಸಾಕು.

ಆದರೆ ಕೆಲವು ಲಕ್ಷಣಗಳು ಕಂಡರೆ ತುಂಡು ಕೆಲಸದಲ್ಲಿ ಹಣ ಕಳೆಯಬಾರದು. ಬಾನೆಟ್ ಒಳಗಿನ ವೈರನ್ನು ಬೆರಳಿನಲ್ಲಿ ಮಡಿಸಿದಾಗ ಮೇಲಿನ ಪ್ಲಾಸ್ಟಿಕ್ ಸೀಳಿ ತಾಮ್ರ ಕಂಡರೆ, ಅದು ಎಂಜಿನ್ನಿನ ಬಿಸಿಗೆ ವರ್ಷಾನುಗಟ್ಟಲೆ ಬೆಂದು ಒಣಗಿದೆ ಎಂದರ್ಥ. ಅದೇ ಕಟ್ಟಿನಲ್ಲಿರುವ ಉಳಿದ ವೈರ್‌ಗಳ ಗತಿಯೂ ಅದೇ. ಕಟ್ಟಿನ ಟೇಪ್ ಬಿಚ್ಚಿದಾಗ ಎರಡು ಮೂರು ವೈರ್‌ಗಳು ಒಂದಕ್ಕೊಂದು ಕರಗಿ ಅಂಟಿದ್ದರೆ ಅಲ್ಲಿ ಹಿಂದೆ ಯಾವಾಗಲೋ ಶಾರ್ಟ್ ಆಗಿದೆ. ವೈರಿನ ತುದಿಯಲ್ಲಿ ಒಂದು ಇಂಚು ಸಿಪ್ಪೆ ಸುಲಿದರೂ ತಾಮ್ರ ಹೊಳೆಯದೆ ಕಪ್ಪಾಗಿಯೋ ಹಸಿರು ಪುಡಿ ಕಟ್ಟಿಕೊಂಡೋ ಇದ್ದರೆ ತೇವ ಒಳಗೆ ಬಹಳ ದೂರ ಏರಿದೆ. ಇನ್ನು ಡ್ಯಾಶ್‌ಬೋರ್ಡ್ ಕೆಳಗೆ ಕೈಹಾಕಿದರೆ ಮೂಲ ವೈರಿಗಿಂತ ಸೇರಿಸಿದ ವೈರೇ ಹೆಚ್ಚಾಗಿ ಸಿಕ್ಕುವ ವಾಹನಗಳೂ ಉಂಟು. ಹಳೆಯ ಮಾಲೀಕರ ಮ್ಯೂಸಿಕ್ ಸಿಸ್ಟಂ, ಬಣ್ಣದ ದೀಪ, ಫಾಗ್ ಲ್ಯಾಂಪ್, ಏರ್ ಹಾರ್ನ್‌ಗಳ ಪಳೆಯುಳಿಕೆಗಳೆಲ್ಲ ಅಲ್ಲೇ ಜೋತುಬಿದ್ದಿರುತ್ತವೆ. ಈ ನಾಲ್ಕರಲ್ಲಿ ಎರಡು ಒಟ್ಟಿಗೆ ಕಂಡರೆ ಬದಲಾವಣೆಯೇ ಸರಿಯಾದ ದಾರಿ.

ಇಡೀ ವಾಹನಕ್ಕೆ ಒಂದೇ ಹಾರ್ನೆಸ್ ಇರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಬಹುಪಾಲು ಪಿಕಪ್‌ಗಳಲ್ಲಿ ಬಾನೆಟ್ ಭಾಗದ್ದು, ಡ್ಯಾಶ್‌ಬೋರ್ಡ್‌ನದ್ದು, ಚಾಸಿ ಹಿಡಿದು ಹಿಂದಕ್ಕೆ ಹೋಗುವುದು ಎಂದು ಕನಿಷ್ಠ ಮೂರು ಭಾಗಗಳಿದ್ದು, ದೊಡ್ಡ ಕಪ್ಲರ್‌ಗಳಲ್ಲಿ ಕೂಡಿಕೊಳ್ಳುತ್ತವೆ. ಹಾಳಾದ ಭಾಗವನ್ನಷ್ಟೇ ಬದಲಿಸಬಹುದು.

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುತ್ತದೆ, ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ಮಿನುಗುತ್ತದೆ. ವೈರಿಂಗ್ ಪೂರ್ತಿ ಹೋಯಿತೇ?

ಹೋಗಿಲ್ಲ. ಹಿಂಬದಿಯ ದೀಪದ ಅರ್ಥ್ ಹೋಗಿದೆ, ಅಷ್ಟೇ. ಕರೆಂಟಿಗೆ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ ಮುಚ್ಚಿದಾಗ ಅದು ಪಕ್ಕದ ಬಲ್ಬಿನ ತಂತಿಯೊಳಗೆ ನುಗ್ಗಿ ಬೇರೆ ದಾರಿ ಹುಡುಕುತ್ತದೆ. ಹಾಗಾಗಿ ಒತ್ತಿದ್ದು ಒಂದಾದರೆ ಉರಿಯುವುದು ಇನ್ನೊಂದು. ಬ್ರೇಕ್‌ಗೆ 21 ವ್ಯಾಟ್, ಪಾರ್ಕಿಂಗ್‌ಗೆ 5 ವ್ಯಾಟ್ ಎಂದು ಒಂದೇ ಬಲ್ಬಿನಲ್ಲಿ ಎರಡು ತಂತಿ ಇರುವ ದೀಪಗಳಲ್ಲಿ ಈ ಆಟ ಎದ್ದು ಕಾಣುತ್ತದೆ.

ಖಚಿತಪಡಿಸಿಕೊಳ್ಳುವುದು ಸುಲಭ. ದೀಪದ ಅರ್ಥ್ ವೈರ್ ಇರುವ ಕಡೆಯಿಂದ ಚಾಸಿಯ ಬರಿಯ ಲೋಹಕ್ಕೆ ಒಂದು ತುಂಡು ವೈರ್ ಹಿಡಿದಾಗ ಎಲ್ಲವೂ ಸರಿಯಾದರೆ ಉತ್ತರ ಸಿಕ್ಕಂತೆಯೇ. ಇಷ್ಟಕ್ಕೇ ಹೊಸ ವೈರಿಂಗ್ ಸೆಟ್ ಕೊಂಡುಕೊಳ್ಳುವಂತೆ ಯಾರಾದರೂ ಸಲಹೆ ಕೊಟ್ಟರೆ ಇನ್ನೊಬ್ಬರನ್ನು ಕೇಳಿ.

ನಮ್ಮ ಕಡೆಯ ವಾಹನಗಳಲ್ಲಿ ಹಿಂಬದಿಯ ವೈರಿಂಗೇ ಮೊದಲು ಏಕೆ ಹಾಳಾಗುತ್ತದೆ?

ಟೊಮೆಟೊ ಸಾಗಿಸುವ ವಾಹನವಾದರೆ ಕಾರಣವನ್ನು ಕಣ್ಣಾರೆ ನೋಡಬಹುದು. ಕೋಲಾರದ ಎಪಿಎಂಸಿಗೋ ಮುಳಬಾಗಿಲು ತಾಲ್ಲೂಕಿನ ಎನ್. ವಡ್ಡಹಳ್ಳಿ ಮಾರುಕಟ್ಟೆಗೋ ಹೋಗುವ ಗಾಡಿಯಲ್ಲಿ ಕ್ರೇಟುಗಳನ್ನು ಒಂದರ ಮೇಲೊಂದು ಏರಿಸಿದಾಗ ಕೆಳಗಿನ ಹಣ್ಣು ಒಡೆದು ರಸ ಹಲಗೆಯ ಸಂದಿಯಿಂದ ಕೆಳಗಿಳಿಯುತ್ತದೆ. ಆ ರಸ ಆಮ್ಲೀಯವಾದದ್ದು. ಹಿಂದಿನ ದೀಪದ ಕಪ್ಲರ್ ಸಾಮಾನ್ಯವಾಗಿ ತೊಟ್ಟಿಯ ಮೂಲೆಯ ಅಡಿಯಲ್ಲೇ ಇರುವುದರಿಂದ ರಸವೂ, ಗಾಡಿ ತೊಳೆದ ನೀರೂ, ಚಕ್ರ ಎರಚುವ ಕೆಸರೂ ಅಲ್ಲಿಗೇ ಬರುತ್ತವೆ. ಕಪ್ಲರ್ ಬಿಡಿಸಿ ನೋಡಿದರೆ ಪಿನ್ನುಗಳ ಬುಡದಲ್ಲಿ ಹಸಿರು ಮಿಶ್ರಿತ ಬಿಳಿ ಪುಡಿ, ಅದರ ಮೇಲೆ ಒಣಗಿದ ಟೊಮೆಟೊ ಬೀಜ ಅಂಟಿಕೊಂಡಿರುವುದು ಅಪರೂಪವೇನಲ್ಲ.

ಹೊಸ ಹಾರ್ನೆಸ್ ಹಾಕುವಾಗ ಹಿಂದಿನ ಕಪ್ಲರ್‌ಗಳನ್ನು ತೊಟ್ಟಿಯ ಮೂಲೆಯಿಂದ ಒಳಕ್ಕೆ, ಚಾಸಿಯ ಉದ್ದನೆಯ ಕಂಬಿಯ ಒಳಮೈಗೆ ಸರಿಸಿ, ಬಾಯಿ ಕೆಳಮುಖವಾಗುವಂತೆ ಕಟ್ಟಿ, ರಬ್ಬರ್ ಸೀಲ್ ಇರುವ ಮಾದರಿಯನ್ನೇ ಬಳಸಿದರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಪಿನ್ನುಗಳಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರುವುದು ಹಳೆಯ ರೂಢಿ. ಅದು ಈಗಲೂ ಒಳ್ಳೆಯದೇ.

ರೆಡಿಮೇಡ್ ಸೆಟ್ ಕೊಳ್ಳಬೇಕೇ, ಕೈಯಲ್ಲಿ ಕಟ್ಟಿಸಬೇಕೇ?

ವಾಹನ ತಯಾರಕರ ಬಿಡಿಭಾಗವಾಗಿ ಆ ಮಾದರಿಯ ಹಾರ್ನೆಸ್ ಇನ್ನೂ ಸಿಗುವುದಾದರೆ ಬೇರೆ ಯೋಚನೆ ಬೇಡ. ಕಪ್ಲರ್, ವೈರಿನ ಬಣ್ಣ, ಉದ್ದ ಎಲ್ಲವೂ ಅಳತೆಗೆ ಬಂದು ಕೂಡಿಕೊಳ್ಳುವುದರಿಂದ ಕೆಲಸದ ಅರ್ಧ ಭಾಗ ಅಲ್ಲಿಗೇ ಮುಗಿಯುತ್ತದೆ. ಕೋಲಾರದಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬಹುದು. ಹೋಗುವಾಗ ವಾಹನದ ಮಾದರಿ ಮತ್ತು ವರ್ಷದ ಜೊತೆಗೆ ಚಾಸಿ ನಂಬರನ್ನೂ, ಹಳೆಯ ಹಾರ್ನೆಸ್‌ನ ದೊಡ್ಡ ಕಪ್ಲರ್‌ಗಳ ಫೋಟೊಗಳನ್ನೂ ಒಯ್ಯಿರಿ. ಒಂದೇ ಹೆಸರಿನ ಪಿಕಪ್‌ನಲ್ಲಿ ನಡುವೆ ಮೀಟರ್ ಬೋರ್ಡು ಅಥವಾ ಕಾಂಬಿನೇಷನ್ ಸ್ವಿಚ್ ಬದಲಾಗಿರುವುದುಂಟು. ಆಗ ಹೆಸರು ಒಂದೇ ಆದರೂ ಕಪ್ಲರ್ ಕೂಡುವುದಿಲ್ಲ.

ಬೇರೆ ತಯಾರಕರ ಅಗ್ಗದ ಸೆಟ್‌ಗಳಲ್ಲಿ ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಕೊಳ್ಳುವ ಮೊದಲು ಒಂದು ವೈರಿನ ತುದಿಯನ್ನು ನೋಡಿ: ಸಿಪ್ಪೆ ದಪ್ಪವಾಗಿದ್ದು ಒಳಗಿನ ತಾಮ್ರ ತೀರಾ ಸಣ್ಣದಿದ್ದರೆ ಬೇಡ; ತಂತಿಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ, ಅದೂ ಬೇಡ. ತವರದ ಲೇಪವಿರುವ ಅಸಲಿ ತಾಮ್ರವಾದರೆ ಹೊರಗೆ ಬೆಳ್ಳಗಿದ್ದು ಕೆರೆದಾಗ ಒಳಗೆ ಕೆಂಪಗೆ ಕಾಣುತ್ತದೆ, ಎರಡನ್ನೂ ಬೆರೆಸಿಕೊಳ್ಳಬಾರದು.

ಕೈಯಲ್ಲಿ ಕಟ್ಟಿಸುವುದಾದರೆ ಅನುಭವಿ ಎಲೆಕ್ಟ್ರಿಷಿಯನ್ ಹಳೆಯ ಹಾರ್ನೆಸನ್ನು ತುಂಡರಿಸದೆ ಹೊರತೆಗೆದು, ನೆಲದ ಮೇಲೆ ಅಥವಾ ಹಲಗೆಯ ಮೇಲೆ ಹರಡಿ, ಕವಲೊಡೆಯುವ ಕಡೆಯೆಲ್ಲ ಮೊಳೆ ಹೊಡೆದು, ಅದರ ಅಚ್ಚಿನಂತೆಯೇ ಹೊಸದನ್ನು ಹೆಣೆಯುತ್ತಾರೆ. ಹಳೆಯದನ್ನು ಕತ್ತರಿಸಿ ಎಸೆದು ವಾಹನದ ಮೇಲೆಯೇ ವೈರ್ ಎಳೆಯುತ್ತೇನೆ ಎನ್ನುವವರಿಗೆ ಈ ಕೆಲಸ ಕೊಡದಿರುವುದು ಮೇಲು.

ಯಾವ ವೈರ್, ಎಷ್ಟು ದಪ್ಪ?

ಮನೆಗೆ ಬಳಸುವ ವೈರ್ ಬೇಡ. ಅದರಲ್ಲಿ ಎಳೆಗಳು ಕಡಿಮೆ, ಒಂದೊಂದು ಎಳೆಯೂ ದಪ್ಪ. ಸದಾ ಅದುರುವ ವಾಹನದಲ್ಲಿ ಅವು ಟರ್ಮಿನಲ್ ಬುಡದಲ್ಲಿ ಒಂದೊಂದಾಗಿ ತುಂಡಾಗುತ್ತವೆ. ಸಿಪ್ಪೆಯೂ ಎಣ್ಣೆ, ಡೀಸೆಲ್, ಎಂಜಿನ್ ಬಿಸಿಗೆ ತಡೆಯುವುದಕ್ಕಾಗಿ ಮಾಡಿದ್ದಲ್ಲ. ಸಣ್ಣ ಎಳೆಗಳು ಹೆಚ್ಚಿರುವ ಆಟೊ ಕೇಬಲ್ಲನ್ನೇ ಕೇಳಿ ಪಡೆಯಿರಿ.

ದಪ್ಪವನ್ನು ಹಳೆಯ ವೈರ್ ನೋಡಿ ನಿರ್ಧರಿಸುವುದು ಮೊದಲ ನಿಯಮ; ಅದಕ್ಕಿಂತ ಸಣ್ಣದನ್ನು ಎಂದೂ ಹಾಕಬಾರದು. ಸ್ಥೂಲವಾಗಿ ಹೇಳುವುದಾದರೆ ಪಾರ್ಕಿಂಗ್ ದೀಪ, ಮೀಟರ್ ದೀಪಗಳಿಗೆ 0.75ರಿಂದ 1 ಸ್ಕ್ವೇರ್ ಎಂಎಂ, ಇಂಡಿಕೇಟರ್, ಬ್ರೇಕ್ ದೀಪಗಳಿಗೆ 1ರಿಂದ 1.5, ಹಾರ್ನ್ ಮತ್ತು ಹೆಡ್‌ಲೈಟ್‌ಗೆ 2.5, ಆಲ್ಟರ್ನೇಟರ್‌ನಿಂದ (ಜನ ಡೈನಮೋ ಎನ್ನುವ, ಬ್ಯಾಟರಿ ಚಾರ್ಜ್ ಮಾಡುವ ಯಂತ್ರದಿಂದ) ಬ್ಯಾಟರಿಗೆ ಹೋಗುವ ಚಾರ್ಜಿಂಗ್ ವೈರಿಗೆ ಆಲ್ಟರ್ನೇಟರ್‌ನ ಆಂಪಿಯರ್ ನೋಡಿ ಇನ್ನೂ ದಪ್ಪದ ಕೇಬಲ್ ಬೇಕು.

ಹೆಡ್‌ಲೈಟ್ ವಿಷಯದಲ್ಲಿ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 60/55 ವ್ಯಾಟಿನ ಎರಡು ಹ್ಯಾಲೋಜನ್ ಬಲ್ಬುಗಳು ಹೈ ಬೀಮ್‌ನಲ್ಲಿ ಒಟ್ಟು 120 ವ್ಯಾಟ್, ಅಂದರೆ 12 ವೋಲ್ಟಿಗೆ 10 ಆಂಪಿಯರ್ ಎಳೆಯುತ್ತವೆ. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು ಮತ್ತೆ ಮುಂದಕ್ಕೆ ಹೋಗುವ ದಾರಿ 6 ಮೀಟರ್ ಎಂದುಕೊಂಡರೆ 1.5 ಸ್ಕ್ವೇರ್ ಎಂಎಂ ವೈರಿನಲ್ಲೇ ಸುಮಾರು 0.8 ವೋಲ್ಟ್ ಕರಗಿಹೋಗುತ್ತದೆ, 2.5ರಲ್ಲಿ ಅದು ಅರ್ಧ ವೋಲ್ಟಿನೊಳಗೆ ಉಳಿಯುತ್ತದೆ. ಹ್ಯಾಲೋಜನ್ ಬಲ್ಬಿಗೆ ಸಿಗುವ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ರಾತ್ರಿ ಲೋಡಿನೊಂದಿಗೆ ನಂಗಲಿ ಗಡಿ ದಾಟಿ ಮೊಗಿಲಿ ಘಾಟಿ ಇಳಿಯುವ ಚಾಲಕರಿಗೆ ಇದರ ಬೆಲೆ ಗೊತ್ತು.

ಹಳೆಯ ಹಾರ್ನೆಸನ್ನು ಬಿಚ್ಚುವ ಕ್ರಮ ಯಾವುದು?

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೊದಲು, ಪಾಸಿಟಿವ್ ಆಮೇಲೆ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರಬಾರದು ಎಂಬುದೇ ಈ ಕ್ರಮದ ಉದ್ದೇಶ. ಬ್ಯಾಟರಿಯನ್ನು ಪೂರ್ತಿ ಹೊರಗಿಟ್ಟರೆ ಇನ್ನೂ ನಿರಾಳ.

ನಂತರದ ಕೆಲಸ ಬಿಚ್ಚುವುದಲ್ಲ, ಬರೆದಿಡುವುದು. ಪ್ರತಿ ಕಪ್ಲರ್ ಬಿಡಿಸುವ ಮುನ್ನ ಅದು ಕೂಡಿರುವ ಸ್ಥಿತಿಯಲ್ಲಿ ಒಂದು ಫೋಟೊ, ಬಿಡಿಸಿದ ಮೇಲೆ ಎರಡೂ ಮುಖಗಳದ್ದು ಒಂದೊಂದು ಫೋಟೊ ತೆಗೆದು, ಬಟ್ಟೆ ಟೇಪಿನ ತುಂಡಿಗೆ ಸಂಖ್ಯೆ ಬರೆದು ಎರಡೂ ಕಡೆ ಅಂಟಿಸಬೇಕು. ಬರೀ ‘ಇಂಡಿಕೇಟರ್’ ಎಂದು ಬರೆದರೆ ಸಾಲದು. ‘ಎಡ, ಮುಂದೆ, ಇಂಡಿಕೇಟರ್, ಹಸಿರು ಮೇಲೆ ಕೆಂಪು ಗೆರೆ’ ಎಂದು ಬರೆದಿದ್ದರೆ ಮೂರು ದಿನ ಬಿಟ್ಟು ಬೇರೊಬ್ಬರು ನೋಡಿದರೂ ಅರ್ಥವಾಗುತ್ತದೆ. ಒಂದು ಅರ್ಥ್ ಬೋಲ್ಟಿಗೆ ಎಷ್ಟು ವೈರ್ ಕೂಡಿದ್ದವು ಎಂಬುದನ್ನೂ ಬರೆದುಕೊಳ್ಳಿ, ಏಕೆಂದರೆ ಮರೆತುಹೋಗುವುದು ಸಾಮಾನ್ಯವಾಗಿ ಅದೇ.

ಸ್ಪೀಡ್ ಗವರ್ನರ್ ಅಳವಡಿಸಿರುವ ವಾಹನವಾದರೆ ಅದರ ಸೀಲ್ ಮುರಿಯಬಾರದು. ಆ ವೈರ್‌ಗಳು ಮುಖ್ಯ ಕಟ್ಟಿನೊಳಗೆ ಹೆಣೆದುಕೊಂಡಿದ್ದರೆ ಅದನ್ನು ಅಳವಡಿಸಿದ ಕೇಂದ್ರದವರನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು.

ಹಳೆಯದನ್ನು ಎಳೆದು ತೆಗೆಯುವಾಗ ಕ್ಯಾಬಿನ್ ಮತ್ತು ಬಾನೆಟ್ ನಡುವಿನ ತಗಡಿನ ತೂತಿನಲ್ಲಿ ಒಂದು ಗಟ್ಟಿ ದಾರವನ್ನು ಅದರ ತುದಿಗೆ ಕಟ್ಟಿ ಬಿಟ್ಟರೆ, ಹೊಸದನ್ನು ಅದೇ ದಾರದಿಂದ ಎಳೆದುಕೊಳ್ಳಬಹುದು. ಆ ತೂತಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಹೊಸದು ಹಾಕಲೇಬೇಕು. ರಬ್ಬರ್ ಇಲ್ಲದ ತಗಡಿನ ಅಂಚು ಅದುರಾಟದಲ್ಲಿ ಗರಗಸದ ಕೆಲಸ ಮಾಡುತ್ತದೆ; ಪಿಕಪ್‌ಗಳಲ್ಲಿ ಹೊತ್ತಿಕೊಳ್ಳುವ ವೈರಿಂಗ್‌ಗೆ ಅದೂ ಒಂದು ಕಾರಣ.

ಹೊಸ ಸೆಟ್‌ನ ವೈರ್ ಬಣ್ಣ ಹಳೆಯದಕ್ಕೆ ಹೊಂದುತ್ತಿಲ್ಲ. ಬಣ್ಣ ನೋಡಿ ಜೋಡಿಸಬಹುದೇ?

ಜೋಡಿಸಬಾರದು. ಕಪ್ಪು ವೈರ್ ಬಹುತೇಕ ಅರ್ಥ್ ಎಂಬುದನ್ನು ಬಿಟ್ಟರೆ ಉಳಿದ ಬಣ್ಣಗಳು ತಯಾರಕರಿಂದ ತಯಾರಕರಿಗೆ ಬದಲಾಗುತ್ತವೆ, ಆ ಕಪ್ಪನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಮಲ್ಟಿಮೀಟರನ್ನು ಬಝರ್ ಇರುವ ಕಡೆ ತಿರುಗಿಸಿ ವೈರಿನ ಎರಡೂ ತುದಿಗೆ ಹಿಡಿದು ಖಚಿತಪಡಿಸಿಕೊಂಡ ಮೇಲೆಯೇ ಕೂಡಿಸಬೇಕು. ರಿಲೇಗಳ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚುಗಳ) ಅಡಿಯಲ್ಲಿ ಅಚ್ಚಾಗಿರುವ ಸಂಖ್ಯೆಗಳು ಮಾತ್ರ ಬಹುತೇಕ ಎಲ್ಲೆಡೆ ಒಂದೇ: 30 ಎಂದರೆ ಬ್ಯಾಟರಿಯಿಂದ ಬರುವ ಕರೆಂಟ್, 87 ದೀಪಕ್ಕೆ ಹೋಗುವುದು, 85 ಮತ್ತು 86 ರಿಲೇಯ ಒಳಗಿನ ಕಾಯಿಲ್.

ವೈರ್ ಜೋಡಿಸಲು ಬೆಸುಗೆ ಒಳ್ಳೆಯದೋ, ಕ್ರಿಂಪ್ ಒಳ್ಳೆಯದೋ?

ಸರಿಯಾದ ಕ್ರಿಂಪಿಂಗ್ ಪ್ಲೈಯರ್ ಇದ್ದರೆ ಕ್ರಿಂಪ್, ಅಂದರೆ ಲಗ್ಗನ್ನು (ವೈರಿನ ತುದಿಗೆ ಹಾಕುವ ಲೋಹದ ತುಂಡನ್ನು) ವೈರಿನ ಮೇಲೆ ಒತ್ತಿ ಬಿಗಿಯುವುದು. ಬೆಸುಗೆ ಹಾಕಿದಾಗ ಸೀಸ ಎಳೆಗಳೊಳಗೆ ಹೀರಿಕೊಂಡು ವೈರಿನ ಒಂದು ಭಾಗ ಕಡ್ಡಿಯಂತೆ ಬಿಗಿಯಾಗುತ್ತದೆ, ಬಿಗಿಯೂ ಮೆದುವೂ ಕೂಡುವ ಆ ಅಂಚಿನಲ್ಲೇ ವೈರ್ ಅದುರಾಟಕ್ಕೆ ಮುರಿಯುತ್ತದೆ. ಮಾಮೂಲಿ ಕಟಿಂಗ್ ಪ್ಲೈಯರ್‌ನಲ್ಲಿ ಲಗ್ಗನ್ನು ಜಜ್ಜುವುದು ಕ್ರಿಂಪ್ ಅಲ್ಲ. ಕ್ರಿಂಪ್ ಆದ ಮೇಲೆ ವೈರನ್ನು ಜೋರಾಗಿ ಎಳೆದು ನೋಡಿ; ಬಂದರೆ ಈಗಲೇ ಬರಲಿ. ಅದರ ಮೇಲೆ, ಒಳಮೈಗೆ ಅಂಟು ಇರುವ, ಕಾಯಿಸಿದರೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಕಾಯಿಸಿದರೆ ನೀರು ಒಳಹೋಗುವುದಿಲ್ಲ. ತಿರುಚಿ ಟೇಪ್ ಸುತ್ತುವ ಪದ್ಧತಿಯನ್ನು ಬ್ಯಾಟರಿ ಇಲ್ಲದ ಆಟಿಕೆಗಳಿಗೆ ಬಿಟ್ಟುಬಿಡುವುದು ಲೇಸು.

ಅರ್ಥ್ ಬಗ್ಗೆ ಇಷ್ಟು ಒತ್ತಿ ಹೇಳುವುದೇಕೆ?

ಬ್ಯಾಟರಿಯಿಂದ ಹೊರಟ ಕರೆಂಟೆಲ್ಲ ಮರಳಿ ಹೋಗುವುದು ಆ ಒಂದೇ ದಾರಿಯಲ್ಲಿ. ಹೊಸ ಹಾರ್ನೆಸ್‌ಗೆ ಸಾವಿರಾರು ರೂಪಾಯಿ ಸುರಿದು, ಅದರ ಅರ್ಥ್ ಲಗ್ಗನ್ನು ಬಣ್ಣ ಬಳಿದ ತಗಡಿನ ಮೇಲೆ ಬಿಗಿದು, ಹಳೆಯ ದೂರುಗಳೆಲ್ಲ ಹಾಗೆಯೇ ಉಳಿದ ವಾಹನಗಳು ಎಷ್ಟೋ ಇವೆ.

ಪ್ರತಿ ಅರ್ಥ್ ಬಿಂದುವನ್ನೂ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜುಕಾಗದದಿಂದ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಆಮೇಲೆ ಗ್ರೀಸ್ ಅಥವಾ ಬಣ್ಣ ಬಳಿಯಬೇಕು. ಬಳಿದ ಮೇಲೆ ಬಿಗಿಯುವುದಲ್ಲ. ಬ್ಯಾಟರಿಯಿಂದ ಚಾಸಿಗೆ ಒಂದು, ಎಂಜಿನ್‌ನಿಂದ ಚಾಸಿಗೆ ಒಂದು ದಪ್ಪನೆಯ ಪಟ್ಟಿ ಇದ್ದೇ ಇರಬೇಕು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಅದಕ್ಕೆ ತಾನಾಗಿ ಅರ್ಥ್ ಸಿಗುವುದಿಲ್ಲ. ಎಂಜಿನ್ ಪಟ್ಟಿ ತುಂಡಾದಾಗ ಸೆಲ್ಫ್ ಮೋಟರಿನ ನೂರಾರು ಆಂಪಿಯರ್ ಕರೆಂಟು ಆಕ್ಸಿಲರೇಟರ್ ಕೇಬಲ್‌ನಂಥ ಸಣ್ಣ ದಾರಿಗಳಲ್ಲಿ ನುಗ್ಗುತ್ತದೆ. ಸೆಲ್ಫ್ ಹೊಡೆದ ಕೂಡಲೇ ಕೇಬಲ್ಲಿನ ಹೊರಕವಚ ಕೈಗೆ ಬಿಸಿ ತಾಕಿದರೆ ಬೇರೆ ಸಾಕ್ಷಿ ಬೇಕಿಲ್ಲ.

ಅರ್ಥ್ ಚೆನ್ನಾಗಿದೆಯೇ ಎಂದು ಅಳೆಯಲು ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಉರಿಯುತ್ತಿರುವ ದೀಪದ ಅರ್ಥ್ ವೈರಿಗೂ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ತಡೆ ಇದೆ. ಹಾಗೆಯೇ ಬ್ಯಾಟರಿ ಪಾಸಿಟಿವ್‌ನಿಂದ ದೀಪದ ಪಾಸಿಟಿವ್ ಪಿನ್ನಿನವರೆಗೆ ಅಳೆದಾಗ ಅರ್ಧ ವೋಲ್ಟ್ ಮೀರಬಾರದು. ದೀಪ ಉರಿಯುತ್ತಿರುವಾಗಲೇ ಅಳೆಯಬೇಕು; ಆರಿದ್ದಾಗ ಕರೆಂಟ್ ಹರಿಯದೆ ಎಲ್ಲವೂ ಸರಿಯಿರುವಂತೆಯೇ ತೋರುತ್ತದೆ.

ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದೆ. ದೊಡ್ಡದು ಹಾಕಬಹುದೇ?

ಬೇಡ. ಫ್ಯೂಸ್ ಇರುವುದು ದೀಪವನ್ನೋ ಹಾರ್ನನ್ನೋ ಉಳಿಸಲು ಎಂದು ಬಹಳ ಜನ ತಿಳಿದಿದ್ದಾರೆ. ಅದು ಇರುವುದು ವೈರನ್ನು ಉಳಿಸಲು. 15 ಆಂಪಿಯರ್ ಜಾಗದಲ್ಲಿ 30ರದ್ದು ಹಾಕಿದರೆ ಫ್ಯೂಸಿನ ಬದಲು ವೈರ್ ಉರಿಯುತ್ತದೆ. ಬ್ಲೇಡ್ ಫ್ಯೂಸ್‌ಗಳಲ್ಲಿ ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಬಾಕ್ಸಿನ ಮುಚ್ಚಳದ ಮೇಲಿರುವ ಅಂಕಿಯೊಂದಿಗೆ ತಾಳೆ ನೋಡಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತಿದ ಫ್ಯೂಸ್ ಕಂಡರೆ ಹೊಸ ಹಾರ್ನೆಸ್ ಹಾಕುವ ಮೊದಲು ಫ್ಯೂಸ್ ಬಾಕ್ಸನ್ನೂ ಬದಲಿಸಿ, ಏಕೆಂದರೆ ಅದರ ಕ್ಲಿಪ್ಪುಗಳು ಅಷ್ಟರಲ್ಲಿ ಬಿಸಿಗೆ ಸಡಿಲಗೊಂಡಿರುತ್ತವೆ.

ಹೆಡ್‌ಲೈಟ್‌ಗೆ ರಿಲೇ ಹಾಕಿಸಬೇಕೇ?

ಹಳೆಯ ವಾಹನದಲ್ಲಿ ಇಲ್ಲದಿದ್ದರೆ ಇದೇ ಸರಿಯಾದ ಸಮಯ. ರಿಲೇ ಇಲ್ಲದ ವ್ಯವಸ್ಥೆಯಲ್ಲಿ 10 ಆಂಪಿಯರ್ ಪೂರ್ತಿ ಸ್ಟೀರಿಂಗ್ ಕೆಳಗಿನ ಕಾಂಬಿನೇಷನ್ ಸ್ವಿಚ್ಚಿನ ಸಣ್ಣ ತುದಿಗಳ ಮೂಲಕ ಹಾದುಹೋಗುತ್ತದೆ. ಸ್ವಿಚ್ಚಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಬಾಗಿರುವುದು ಅದರಿಂದಲೇ. ರಿಲೇ ಹಾಕಿದರೆ ಸ್ವಿಚ್ಚಿಗೆ ಬರುವುದು ಕಾಲು ಆಂಪಿಯರಿಗೂ ಕಡಿಮೆ. ಲೋಗೆ ಒಂದು, ಹೈಗೆ ಒಂದು ರಿಲೇ ಇಟ್ಟು, ಬ್ಯಾಟರಿಯ ಹತ್ತಿರವೇ ಫ್ಯೂಸ್ ಕೊಟ್ಟು, 2.5 ಸ್ಕ್ವೇರ್ ಎಂಎಂ ವೈರ್ ನೇರವಾಗಿ ದೀಪಕ್ಕೆ ಒಯ್ದರೆ ಅದೇ ಬಲ್ಬು ಎದ್ದು ಕಾಣುವಷ್ಟು ಹೆಚ್ಚು ಬೆಳಗುತ್ತದೆ. 100/90 ವ್ಯಾಟಿನ ಬಲ್ಬು ಹಾಕಿಸುವ ಆಸೆಗೆ ಮಾತ್ರ ಬೀಳಬೇಡಿ. ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರ್ ಮಂಕಾಗುತ್ತದೆ, ಎದುರಿನಿಂದ ಬರುವವರಿಗೆ ಕಣ್ಣು ಕುಕ್ಕುತ್ತದೆ.

ಎಲ್ಲ ಜೋಡಿಸಿ ಆಯಿತು. ಮೊದಲ ಬಾರಿಗೆ ಕರೆಂಟ್ ಕೊಡುವುದು ಹೇಗೆ?

ನೇರವಾಗಿ ಬ್ಯಾಟರಿ ಕೂಡಿಸಬೇಡಿ. ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಪಾಸಿಟಿವ್ ಕೂಡಿಸಿದ ಮೇಲೆ, ನೆಗೆಟಿವ್ ಟರ್ಮಿನಲ್ ಮತ್ತು ಅದರ ಕೇಬಲ್ ನಡುವೆ ಬ್ರೇಕ್ ದೀಪದ 21 ವ್ಯಾಟಿನ ಒಂದು ಬಲ್ಬನ್ನು ಹೋಲ್ಡರ್ ಸಮೇತ ಸೇರಿಸಿ. ಎಲ್ಲೂ ಶಾರ್ಟ್ ಇಲ್ಲದಿದ್ದರೆ ಬಲ್ಬು ಉರಿಯುವುದಿಲ್ಲ. ಪೂರ್ಣ ಪ್ರಕಾಶದಲ್ಲಿ ಉರಿದರೆ ಎಲ್ಲೋ ಪಾಸಿಟಿವ್ ವೈರ್ ಬಾಡಿಗೆ ತಗುಲಿದೆ. ಆದರೆ ಬಲ್ಬು ಎರಡು ಆಂಪಿಯರಿಗಿಂತ ಹೆಚ್ಚು ಹರಿಯಗೊಡುವುದಿಲ್ಲವಾದ್ದರಿಂದ ಏನೂ ಸುಡುವುದಿಲ್ಲ. ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತಾ ಹೋದರೆ ಯಾವುದನ್ನು ಕಿತ್ತಾಗ ಬಲ್ಬು ಆರುತ್ತದೋ ಆ ಸಾಲಿನಲ್ಲೇ ತಪ್ಪಿದೆ. ಈ ಹತ್ತು ನಿಮಿಷದ ಪರೀಕ್ಷೆಯನ್ನು ಬಿಟ್ಟು ಮೂರು ದಿನದ ಕೆಲಸವನ್ನು ಹೊಗೆಯಾಗಿಸಿಕೊಂಡವರಿದ್ದಾರೆ.

ಬಲ್ಬು ತೆಗೆದು ನೇರ ಕೂಡಿಸಿದ ನಂತರ ದೀಪ, ಹಾರ್ನ್, ವೈಪರ್‌ಗಳನ್ನು ಒಂದೊಂದಾಗಿ ಹಾಕಿ, ಕೊನೆಗೆ ಎಲ್ಲವನ್ನೂ ಒಟ್ಟಿಗೆ ಹಾಕಿ ಕಾಲು ಗಂಟೆ ಬಿಟ್ಟು ಕಪ್ಲರ್‌ಗಳನ್ನು ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿರಬಹುದು, ಬಿಸಿ ಇರಬಾರದು. ಎಂಜಿನ್ ಆರಿರುವಾಗ ಈ ಪರೀಕ್ಷೆ ಮಾಡಿದರೆ ಬ್ಯಾಟರಿ ಇಳಿಯುತ್ತದೆ, ಆದ್ದರಿಂದ ಎಂಜಿನ್ ಓಡುತ್ತಿರಲಿ.

ಹೊಸ ವೈರಿಂಗ್ ಹಾಕಿದ ಮೇಲೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. ಡೈನಮೋ ಹೋಯಿತೇ?

ಮೊದಲು ಮೀಟರ್ ಬೋರ್ಡಿನ ಕೆಂಪು ಚಾರ್ಜಿಂಗ್ ದೀಪವನ್ನು ನೋಡಿ. ಕೀ ತಿರುಗಿಸಿದಾಗ ಅದು ಉರಿಯಬೇಕು. ಹಳೆಯ ಆಲ್ಟರ್ನೇಟರ್‌ಗಳಲ್ಲಿ ಕೆಲಸ ಶುರುಮಾಡಲು ಬೇಕಾದ ಅಲ್ಪ ಕರೆಂಟ್ ಆ ಬಲ್ಬಿನ ಮೂಲಕವೇ ಹೋಗುತ್ತದೆ; ಬಲ್ಬು ಸುಟ್ಟಿದ್ದರೂ, ಅದರ ವೈರ್ ಕೂಡಿಸದಿದ್ದರೂ, ಅಲ್ಲಿಗೆ ಎಲ್‌ಇಡಿ ಹಾಕಿದ್ದರೂ ಒಳ್ಳೆಯ ಆಲ್ಟರ್ನೇಟರ್ ಕೂಡ ಸುಮ್ಮನಿರಬಹುದು. ದೀಪ ಸರಿಯಿದ್ದರೆ ಎಂಜಿನ್ ಸ್ವಲ್ಪ ರೇಸ್ ಮಾಡಿ ಬ್ಯಾಟರಿಯ ತುದಿಗಳಲ್ಲಿ ಅಳೆಯಿರಿ. 13.8ರಿಂದ 14.4 ವೋಲ್ಟ್ ಬರಬೇಕು. ಎಂಜಿನ್ ನಿಂತು ಕೆಲವು ಗಂಟೆ ಕಳೆದ ಮೇಲೆ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ‘ಡೈನಮೋ ಚೆಕ್’ ಮಾಡುವ ಅಭ್ಯಾಸ ಇನ್ನೂ ಉಳಿದಿದೆ. ಬ್ಯಾಟರಿ ಇಲ್ಲದ ಆ ಕ್ಷಣದಲ್ಲಿ ವೋಲ್ಟೇಜ್ ಒಮ್ಮೆಲೇ ಜಿಗಿದು ಡಯೋಡ್, ರೆಗ್ಯುಲೇಟರ್‌ಗಳನ್ನು ಸುಡಬಹುದು. ಯಾರು ಮಾಡಲು ಬಂದರೂ ಬೇಡವೆನ್ನಿ. ತೊಟ್ಟಿಗೆ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿ ಮತ್ತು ಆಲ್ಟರ್ನೇಟರ್ ಕನೆಕ್ಷನ್ ಬಿಚ್ಚಿಡಿ.

ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲುತ್ತಿಲ್ಲ. ಅಥವಾ ಓಡುತ್ತಾ ಓಡುತ್ತಾ ನಿಂತುಬಿಡುತ್ತದೆ. ಇದು ವೈರಿಂಗ್ ದೋಷವೇ?

ಆಗಿರಬಹುದು. ಡೀಸೆಲ್ ಪಂಪಿನ ಸೊಲೆನಾಯ್ಡ್ (ಕರೆಂಟಿನಿಂದ ಕೆಲಸ ಮಾಡಿ ಡೀಸೆಲ್ ಬಿಡುವ, ತಡೆಯುವ ಭಾಗ) ಎರಡು ಬಗೆಯದಾಗಿರುತ್ತದೆ: ಕರೆಂಟ್ ಇರುವವರೆಗೆ ಡೀಸೆಲ್ ಬಿಡುವಂಥದು ಒಂದು, ಕರೆಂಟ್ ಕೊಟ್ಟಾಗ ಡೀಸೆಲ್ ಕಡಿಯುವಂಥದು ಇನ್ನೊಂದು. ಮೊದಲನೆಯದರ ವೈರ್ ಸಡಿಲವಾದರೆ ಎಂಜಿನ್ ರಸ್ತೆಯಲ್ಲೇ ನಿಲ್ಲುತ್ತದೆ; ಎರಡನೆಯದರ ವೈರ್ ಬಿಟ್ಟುಹೋದರೆ ಕೀ ತೆಗೆದರೂ ಎಂಜಿನ್ ಓಡುತ್ತಲೇ ಇರುತ್ತದೆ. ನಿಮ್ಮ ವಾಹನದ್ದು ಯಾವ ಬಗೆ ಎಂದು ಹಳೆಯ ವೈರಿಂಗ್ ಬಿಚ್ಚುವ ಮೊದಲೇ ತಿಳಿದುಕೊಂಡಿರಬೇಕು.

ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ತೊಂದರೆಯಾಗುತ್ತದೆಯೇ?

ಇದ್ದ ವೈರಿಂಗ್ ಇದ್ದಂತೆಯೇ ಹೊಸದಾದರೆ ತೊಂದರೆಯಿಲ್ಲ, ಅನುಕೂಲವೇ ಹೆಚ್ಚು. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ವರ್ಷಕ್ಕೊಮ್ಮೆ ಎಫ್‌ಸಿ ನವೀಕರಣ ಇರುವುದರಿಂದ ಹೆಡ್‌ಲೈಟ್, ಬ್ರೇಕ್ ದೀಪ, ಇಂಡಿಕೇಟರ್, ರಿವರ್ಸ್ ದೀಪ, ನಂಬರ್ ಪ್ಲೇಟ್ ದೀಪ, ವೈಪರ್, ಹಾರ್ನ್ ಎಲ್ಲವೂ ಕೆಲಸ ಮಾಡಲೇಬೇಕು. ಕೆಲಸದ ಬಿಲ್ಲನ್ನು ಜೋಪಾನವಾಗಿಡಿ. ಮುಂದೆ ಬೆಂಕಿ ಅನಾಹುತದ ವಿಮೆ ಕೇಳಬೇಕಾಗಿ ಬಂದರೆ ವೈರಿಂಗ್ ಯಾರು, ಯಾವಾಗ ಮಾಡಿದರು ಎಂಬುದಕ್ಕೆ ಅದೇ ದಾಖಲೆ.

ಎಷ್ಟು ದಿನ ಬೇಕು? ಯಾವಾಗ ಮಾಡಿಸಬೇಕು?

ರೆಡಿಮೇಡ್ ಸೆಟ್ ಆದರೆ ಎರಡು ಮೂರು ದಿನ, ಕಟ್ಟಿಸುವುದಾದರೆ ವಾರ. ಶ್ರೀನಿವಾಸಪುರದ ಮಾವು ಇಳಿಯುವ, ಟೊಮೆಟೊ ಜೋರಾಗಿ ಬರುವ ಮೇ–ಜುಲೈ ಸಮಯದಲ್ಲಿ ಗಾಡಿ ನಿಲ್ಲಿಸುವುದು ಯಾರಿಗೂ ಆಗುವ ಮಾತಲ್ಲ. ಆಗ ಅವಸರಕ್ಕೆ ಮಾಡಿಸಿದ ಕೆಲಸದಲ್ಲಿ ಮೊದಲು ಬಿಟ್ಟುಹೋಗುವುದೇ ಅರ್ಥ್ ಉಜ್ಜುವ ಕೆಲಸ. ಸೀಸನ್‌ಗೆ ಮುಂಚೆ ಫೆಬ್ರುವರಿ, ಮಾರ್ಚ್‌ನಲ್ಲಿ ಒಪ್ಪಿಸಿದರೆ ಎಲೆಕ್ಟ್ರಿಷಿಯನ್‌ಗೂ ಸಮಾಧಾನವಾಗಿ ಮಾಡಲು ಅವಕಾಶವಾಗುತ್ತದೆ.

ಇಲಿ ಕಡಿಯದಂತೆ ಏನು ಮಾಡಬಹುದು?

ಪೂರ್ತಿ ತಡೆಯುವ ಉಪಾಯವಿಲ್ಲ. ಲೋಡ್ ಇಳಿಸಿದ ದಿನವೇ ತೊಟ್ಟಿ ಗುಡಿಸಿ ತೊಳೆಯುವುದು, ಹಿಂಡಿ ಮೂಟೆ, ಮೇವಿನ ಬಳಿ ಗಾಡಿ ನಿಲ್ಲಿಸದಿರುವುದು, ಎಂಟು ಹತ್ತು ದಿನ ಒಂದೇ ಕಡೆ ನಿಲ್ಲಬೇಕಾದರೆ ಬಾನೆಟ್ ತೆರೆದಿಡುವುದು, ಇವು ಮದ್ದಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಹೊಸ ಹಾರ್ನೆಸ್‌ಗೆ ಗಟ್ಟಿ ಪ್ಲಾಸ್ಟಿಕ್ಕಿನ ಸುಕ್ಕು ಪೈಪ್ ತೊಡಿಸಿದರೆ ಇಲಿಗೆ ಹಲ್ಲೂರಲು ಅಷ್ಟು ಸುಲಭವಾಗುವುದಿಲ್ಲ.

ಬಿಚ್ಚಿದ ಹಳೆಯ ಹಾರ್ನೆಸನ್ನು ಏನು ಮಾಡಬೇಕು?

ತಾಮ್ರಕ್ಕೆ ಗುಜರಿಯಲ್ಲಿ ಬೆಲೆಯಿದೆ ಎಂದು ಆ ದಿನವೇ ಮಾರಬೇಡಿ. ಒಂದು ಸೀಸನ್ ಕಳೆಯುವವರೆಗಾದರೂ ಸಂಖ್ಯೆಯ ಟೇಪ್‌ಗಳ ಸಮೇತ ಇಟ್ಟುಕೊಂಡಿದ್ದರೆ, ಹೊಸದರಲ್ಲಿ ಏನಾದರೂ ಸಂದೇಹ ಬಂದಾಗ ಹೋಲಿಸಿ ನೋಡಲು ಅದೇ ನಕ್ಷೆ. ಈಗ ಅಂಗಡಿಗಳಲ್ಲಿ ಸಿಗದ ಕೆಲವು ಕಪ್ಲರ್‌ಗಳೂ ಅದರಲ್ಲಿರುತ್ತವೆ. ಮಾರುವಾಗ ಪ್ಲಾಸ್ಟಿಕ್ ಸುಟ್ಟು ತಾಮ್ರ ತೆಗೆಯಬೇಡಿ. ಆ ಹೊಗೆ ವಿಷ, ಸುಟ್ಟ ತಾಮ್ರಕ್ಕೆ ಬೆಲೆಯೂ ಕಡಿಮೆ. ಸಿಪ್ಪೆ ಸುಲಿದು ಕೊಟ್ಟರೆ ಗುಜರಿಯವರು ಹೆಚ್ಚು ಕೊಡುತ್ತಾರೆ.